ಡೊಳ್ಳು ಹೊತ್ತು ವಿಮಾನ ಹತ್ತುವ ಮೊದಲು: ಊರಿನ ಯುವ ತಂಡಗಳಿಗೆ ಒಂದು ಮಾರ್ಗದರ್ಶಿ

ಜರ್ಮನಿಯ ಜಾನಪದ ಉತ್ಸವಕ್ಕೆ ಕರೆ ಬಂದ ಸುದ್ದಿ ಸಾಗರದ ಕಡೆಯ ನಮ್ಮ ಹಳ್ಳಿ ಮುಟ್ಟಿದ್ದು ಸಂಜೆ ಆರಕ್ಕೆ. ಏಳಕ್ಕೆ ವಾಟ್ಸಾಪ್ ಗುಂಪಿನ ಹೆಸರು ಬದಲಾಗಿತ್ತು. ಎಂಟಕ್ಕೆ ಒಬ್ಬ ಹುಡುಗ ಉಣ್ಣೆ ಟೋಪಿ ಆರ್ಡರ್ ಮಾಡಿಯಾಗಿತ್ತು, ಉತ್ಸವ ಇದ್ದದ್ದು ಬೇಸಿಗೆಯಲ್ಲಿ ಎಂಬುದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಹದಿನಾರು ಜನರ ತಂಡದಲ್ಲಿ ಪಾಸ್‌ಪೋರ್ಟ್ ಇದ್ದದ್ದು ಮೂವರ ಬಳಿ, ಅದರಲ್ಲೂ ಒಂದರ ಅವಧಿ ಮುಗಿದಿತ್ತು.

ಅಂದಿನಿಂದ ಹೊರಡುವವರೆಗಿನ ಆರು ತಿಂಗಳಲ್ಲಿ ನಾವು ಕಲಿತದ್ದನ್ನು, ಎರಡನೇ ಸಲ ಹೋದಾಗ ತಿದ್ದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ಡೊಳ್ಳಿನ ತಂಡ, ಹೋದದ್ದು ಜರ್ಮನಿಗೆ. ಕೋಲಾಟ, ವೀರಗಾಸೆ, ಕಂಸಾಳೆ ತಂಡಗಳಿಗೂ, ಯೂರೋಪಿನ ಬೇರೆ ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಹೊರಟವರಿಗೂ ಇದರ ಬಹುಪಾಲು ಹೊಂದುತ್ತದೆ. ಒಂಟಿಯಾಗಿ ಹೋಗುವವನ ಒಂದು ಕಾಗದ ತಡವಾದರೆ ಅವನೊಬ್ಬನಿಗೆ ತಡ. ತಂಡದಲ್ಲಿ ಒಬ್ಬನ ಕಾಗದ ತಡವಾದರೆ ಹದಿನಾರು ಜನಕ್ಕೂ ತಡ. ಆದ್ದರಿಂದ ತಂಡದಲ್ಲಿ ಎಲ್ಲರಿಗಿಂತ ಸೋಮಾರಿ ಯಾರು ಎಂದು ಮೊದಲೇ ಗುರುತಿಸಿಕೊಂಡು, ಅವನ ಕೆಲಸದಿಂದಲೇ ಶುರು ಮಾಡಿ.

ಮೊದಲ ವಾರ: ಕರೆ ನಿಜವೇ?

ಜಾನಪದ ತಂಡಗಳಿಗೆ ಇಮೇಲಿನಲ್ಲಿ ಬರುವ ಆಹ್ವಾನಗಳಲ್ಲಿ ಜೊಳ್ಳೂ ಇರುತ್ತದೆ. 'ನೋಂದಣಿ ಶುಲ್ಕ ಕಳಿಸಿ, ವೀಸಾ ನಾವೇ ಕೊಡಿಸುತ್ತೇವೆ' ಎಂದು ಬರೆದಿದ್ದರೆ ಅಲ್ಲಿಗೇ ಬಿಡಿ. ವೀಸಾ ಕೊಡುವುದು ಆ ದೇಶದ ರಾಯಭಾರ ಕಚೇರಿ, ಉತ್ಸವದವರಲ್ಲ. ನಿಜವಾದ ಉತ್ಸವಕ್ಕೆ ಹಿಂದಿನ ವರ್ಷಗಳ ಇತಿಹಾಸ ಇರುತ್ತದೆ, ಹಿಂದೆ ಹೋಗಿ ಬಂದ ತಂಡಗಳಿರುತ್ತವೆ. ಅಂಥ ಒಂದು ತಂಡವನ್ನು ಹುಡುಕಿ ಮಾತಾಡಿ.

ಜಾನಪದ ಉತ್ಸವಗಳಲ್ಲಿ ಸಾಮಾನ್ಯವಾಗಿ ಊಟ, ವಸತಿ, ಅಲ್ಲಿನ ಓಡಾಟ ಕರೆದವರ ಲೆಕ್ಕ. ವಿಮಾನದ ಖರ್ಚು ಹೋಗುವವರದ್ದು. ಇದನ್ನು ಬಾಯಿಮಾತಿಗೆ ಬಿಡದೆ ಪತ್ರದಲ್ಲಿ ಬರೆಸಿ. ಪತ್ರದಲ್ಲಿ ತಂಡದ ಪ್ರತಿಯೊಬ್ಬರ ಹೆಸರು (ಇದನ್ನು ಪಾಸ್‌ಪೋರ್ಟ್ ಬಂದ ಮೇಲೆ ಸೇರಿಸಿದರಾಯಿತು), ದಿನಾಂಕಗಳು, ಉಳಿಯುವ ವಿಳಾಸ, ಯಾವ ಖರ್ಚು ಯಾರದ್ದು, ಪ್ರದರ್ಶನಕ್ಕೆ ಸಂಭಾವನೆ ಇದೆಯೋ ಇಲ್ಲವೋ, ಇಷ್ಟೂ ಇರಬೇಕು. ಸಂಭಾವನೆ ಇದ್ದರೆ ವೀಸಾ ಅರ್ಜಿಯ ದಾರಿಯೇ ಬೇರೆಯಾಗಬಹುದು, ಮುಚ್ಚಿಡಬೇಡಿ.

ಪಟ್ಟಿ: ಯಾರು ಹೋಗುತ್ತಾರೆ?

ಇದು ಎಲ್ಲಕ್ಕಿಂತ ಕಷ್ಟದ ಹಂತ. ಸುದ್ದಿ ಹರಡಿದ ಮರುದಿನವೇ ನಮ್ಮ ಮನೆಗೆ ಬಂದ ಹಿರಿಯರೊಬ್ಬರು ಕಾಫಿ ಮುಗಿಸಿ ಮೆಲ್ಲಗೆ ಕೇಳಿದರು: "ನಮ್ಮ ತಂಗಿ ಮಗ ಇದಾನೆ ಮಾರಾಯ, ಸುಮ್ನೆ ಒಂದು ತಾಳ ಕೊಟ್ಟು ನಿಲ್ಸಿದ್ರೆ ಆಗ್ತದಲ್ಲ?" ಆಗುವುದಿಲ್ಲ. ಕಲಾತಂಡದ ಹೆಸರಿನಲ್ಲಿ ಜನರನ್ನು ವಿದೇಶಕ್ಕೆ ಸಾಗಿಸಿ ಅಲ್ಲೇ ಬಿಟ್ಟುಬಂದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ. ಹಾಗಾಗಿ ವೀಸಾ ಅಧಿಕಾರಿಗಳು ಕಲಾತಂಡಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಡೊಳ್ಳು ಹೊತ್ತು ಒಂದು ಸುತ್ತು ಕುಣಿಯಲಾರದವನು ಪಟ್ಟಿಯಲ್ಲಿದ್ದರೆ ಉಳಿದ ಹದಿನೈದು ಜನರ ಅರ್ಜಿಯೂ ಸಂಶಯಕ್ಕೆ ಸಿಗುತ್ತದೆ. ಹೋದವರಲ್ಲಿ ಒಬ್ಬ ಹಿಂದಿರುಗದಿದ್ದರಂತೂ ಮುಂದೆ ನಿಮ್ಮ ತಾಲೂಕಿನ ಯಾವ ತಂಡಕ್ಕೂ ದಾರಿ ಸುಲಭವಾಗಿರದು.

ನಾವು ಕಂಡುಕೊಂಡ ಉಪಾಯ ಹೀಗಿದೆ. ಕಳೆದ ಒಂದು ವರ್ಷದಲ್ಲಿ ಕನಿಷ್ಠ ಇಷ್ಟು ಪ್ರದರ್ಶನಗಳಲ್ಲಿ ಭಾಗವಹಿಸಿದವರು ಮಾತ್ರ ಎಂದು ಸಂಘದ ಸಭೆಯಲ್ಲಿ ನಿರ್ಣಯ ಬರೆದು, ಎಲ್ಲರ ಸಹಿ ಹಾಕಿಸಿದೆವು. ಆಮೇಲೆ ಯಾರು ಕೇಳಿದರೂ ನಿರ್ಣಯದ ಪುಸ್ತಕ ತೋರಿಸಿದರಾಯಿತು, ನಂಟಸ್ತಿಕೆಯೂ ಉಳಿಯುತ್ತದೆ. ಹಳೆಯ ಪ್ರದರ್ಶನಗಳ ಫೋಟೊ, ಪತ್ರಿಕಾ ತುಣುಕು, ಪ್ರಮಾಣಪತ್ರಗಳನ್ನು ಈಗಲೇ ಒಂದು ಕಡತಕ್ಕೆ ಸೇರಿಸಿ, ವೀಸಾಕ್ಕೆ ಬೇಕಾಗುತ್ತವೆ. ಪಟ್ಟಿಯ ಜೊತೆಗೆ ಇಬ್ಬರು ಬದಲಿ ಆಟಗಾರರನ್ನೂ ಹೆಸರಿಸಿ ಅವರ ಪಾಸ್‌ಪೋರ್ಟನ್ನೂ ಮಾಡಿಸಿಡಿ.

ತಂಡದಲ್ಲಿ ಸರ್ಕಾರಿ ನೌಕರರಿದ್ದರೆ, ನಮ್ಮಲ್ಲಿ ಒಬ್ಬ ಪ್ರೌಢಶಾಲೆಯ ಮೇಷ್ಟ್ರು ಇದ್ದರು, ಇಲಾಖೆಯ ಅನುಮತಿಗೆ ಮೊದಲ ದಿನವೇ ಅರ್ಜಿ ಹಾಕಿಸಿ. ವಿದೇಶದವರ ಖರ್ಚಿನಲ್ಲಿ ಆತಿಥ್ಯ ಪಡೆಯಲು ಸರ್ಕಾರಿ ನೌಕರರಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಕೇಂದ್ರದ ಅನುಮತಿಯೂ ಬೇಕು. ಅದೇ ಕಾಯ್ದೆಯಡಿ ನೋಂದಣಿ ಇಲ್ಲದ ಸಂಘದ ಖಾತೆಗೆ ಹೊರದೇಶದಿಂದ ದೇಣಿಗೆ ಹಾಕಿಸಿಕೊಳ್ಳುವಂತೆಯೂ ಇಲ್ಲ. ಉತ್ಸವದವರು ಪ್ರೀತಿಯಿಂದ 'ಖಾತೆ ಸಂಖ್ಯೆ ಕೊಡಿ' ಎಂದರೆ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಪಾಸ್‌ಪೋರ್ಟ್: ಹೆಸರಿನ ಪಜೀತಿ

ದೊಡ್ಡವರಿಗೆ 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1500 ರೂಪಾಯಿ. ತತ್ಕಾಲ್ ಬೇಕೆಂದರೆ ಮೇಲೆ 2000. ಆರು ತಿಂಗಳು ಕೈಯಲ್ಲಿದ್ದರೆ ತತ್ಕಾಲ್ ಬೇಕಿಲ್ಲ, ಆ ದುಡ್ಡಿಗೆ ಒಳ್ಳೆಯ ಬೂಟು ಬರುತ್ತದೆ. ಅಂಚೆ ಕಚೇರಿಗಳಲ್ಲೂ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಬಂದಿರುವುದರಿಂದ ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಾಗಿಲ್ಲ.

ತೊಡಕು ಇರುವುದು ಹೆಸರಿನಲ್ಲಿ. ನಮ್ಮ ಹುಡುಗನೊಬ್ಬ ಆಧಾರ್‌ನಲ್ಲಿ 'ಮಂಜುನಾಥ ಕೆ', ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ', ಪಾನ್ ಕಾರ್ಡಿನಲ್ಲಿ 'ಮಂಜುನಾಥ್ ಕಾಳಪ್ಪ'. ಮೂರೂ ಒಬ್ಬನೇ ಎಂದು ಊರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಬರೆಯಬೇಕಾಗುತ್ತದೆ. ಮೊದಲು ಆಧಾರ್ ಸರಿಪಡಿಸಿ, ಅದು ಆದ ಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ಆಹ್ವಾನ ಪತ್ರ, ಟಿಕೆಟ್, ವಿಮೆ, ವೀಸಾ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ, ಹೆಸರು ಬರಬೇಕು. ಹೀಗಾಗಿ ಉತ್ಸವದವರಿಗೆ ಹೆಸರಿನ ಪಟ್ಟಿ ಕಳಿಸುವುದು ಪಾಸ್‌ಪೋರ್ಟ್ ಕೈಗೆ ಬಂದ ಮೇಲೆಯೇ ಇರಲಿ.

ಹದಿನೆಂಟು ತುಂಬದವರಿದ್ದರೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು, ಪಾಸ್‌ಪೋರ್ಟಿಗೂ ವೀಸಾಕ್ಕೂ. ಪೊಲೀಸ್ ಪರಿಶೀಲನೆಯ ಸಮಯದಲ್ಲಿ ಹುಡುಗರು ಊರಲ್ಲಿರಬೇಕು. ಕೊಯ್ಲಿಗೆ ಹೋದವನೊಬ್ಬನ ಕಡತ ಠಾಣೆಯಲ್ಲಿ ಮೂರು ವಾರ ಮಲಗಿದ್ದು ನಮಗೆ ನೆನಪಿದೆ.

ಷೆಂಗೆನ್ ದೇಶಗಳಿಗೆ ಹೋಗಲು, ಅಲ್ಲಿಂದ ಹೊರಡುವ ದಿನದ ನಂತರವೂ ಪಾಸ್‌ಪೋರ್ಟಿಗೆ ಕನಿಷ್ಠ 3 ತಿಂಗಳ ಅವಧಿ ಉಳಿದಿರಬೇಕು, ಎರಡು ಖಾಲಿ ಪುಟ ಇರಬೇಕು.

ದುಡ್ಡು

ಲೆಕ್ಕವನ್ನು ಒಬ್ಬರೇ ಬರೆಯಲಿ, ಇಬ್ಬರು ನೋಡಲಿ. ಹತ್ತು ಜನಕ್ಕಿಂತ ಹೆಚ್ಚಿದ್ದರೆ ವಿಮಾನ ಸಂಸ್ಥೆಗಳಲ್ಲಿ ಗುಂಪು ದರ ಕೇಳಬಹುದು. ದರ ಕಡಿಮೆಯಾಗದಿದ್ದರೂ, ಹೆಸರುಗಳನ್ನು ಆಮೇಲೆ ಕೊಡಲು ಸ್ವಲ್ಪ ಸಮಯ ಸಿಗುತ್ತದೆ. ಬದಲಿ ಆಟಗಾರರು ಉಪಯೋಗಕ್ಕೆ ಬರುವುದು ಅಲ್ಲಿ. ನೆರವಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಜಾನಪದ ಅಕಾಡೆಮಿ, ದೆಹಲಿಯ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿಗೆ ಅರ್ಜಿ ಹಾಕಿ. ಬಂದರೆ ಸಂತೋಷ, ಬರುತ್ತದೆಂದು ನಂಬಿ ಟಿಕೆಟ್ ಕಾಯ್ದಿರಿಸಬೇಡಿ. ನಮ್ಮ ಖರ್ಚಿನ ದೊಡ್ಡ ಪಾಲು ಬಂದದ್ದು ಊರೂರಿನ ಪ್ರದರ್ಶನಗಳಿಂದ ಮತ್ತು ಮನೆಮನೆಯ ವಂತಿಗೆಯಿಂದ. ಕೊಟ್ಟವರ ಹೆಸರನ್ನು ರಸೀದಿಯಲ್ಲಿ ಬರೆದುಕೊಡಿ, ಐವತ್ತು ರೂಪಾಯಿಯಾದರೂ ಸರಿ.

ವೀಸಾ

ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ತೀರಾ ತಡವೆಂದರೆ 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ. ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಹೋಗಬಹುದು. ಬೇಸಿಗೆಯ ಉತ್ಸವವಾದರೆ ಅರ್ಜಿ ಕೇಂದ್ರದಲ್ಲಿ ಸಮಯ ಸಿಗುವುದೇ ಒಂದು ಸಾಹಸ. ಮೂರು ತಿಂಗಳು ಮೊದಲೇ ಕಾಯ್ದಿರಿಸಿ. ಹಲವು ದೇಶ ಸುತ್ತುವುದಿದ್ದರೆ, ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು.

ಶುಲ್ಕ 2024ರ ಜೂನ್‌ನಿಂದ 90 ಯೂರೋ. ಹೆಚ್ಚಿನ ತಂಡಗಳಿಗೆ ಗೊತ್ತಿಲ್ಲದ ಒಂದು ವಿನಾಯಿತಿ ಇದೆ. ಲಾಭರಹಿತ ಸಂಸ್ಥೆಗಳು ನಡೆಸುವ ಸಾಂಸ್ಕೃತಿಕ, ಕ್ರೀಡಾ, ಶೈಕ್ಷಣಿಕ ಕಾರ್ಯಕ್ರಮಗಳಿಗೆ ಲಾಭರಹಿತ ಸಂಸ್ಥೆಯ ಪ್ರತಿನಿಧಿಗಳಾಗಿ ಹೋಗುವ, 25 ವರ್ಷ ಮೀರದವರಿಗೆ ವೀಸಾ ಶುಲ್ಕ ಇಲ್ಲ. ನಿಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ ಆ ಪ್ರಮಾಣಪತ್ರದ ಪ್ರತಿ, ಉತ್ಸವದವರೂ ಲಾಭರಹಿತರು ಎಂಬ ಪತ್ರ, ಎರಡನ್ನೂ ಲಗತ್ತಿಸಿ ಕೇಳಿ. ಅರ್ಜಿ ಕೇಂದ್ರದ ಸೇವಾಶುಲ್ಕ ಮಾತ್ರ ಕಟ್ಟಬೇಕಾಗಿ ಬರಬಹುದು. ಮೊದಲ ಸಲ ನಾವು ಕೇಳಲೇ ಇಲ್ಲ, ಎಲ್ಲರದ್ದೂ ಕಟ್ಟಿದೆವು.

ಪ್ರತಿಯೊಬ್ಬರಿಗೂ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಇನ್ನು ಮುಖ್ಯವಾದದ್ದು, ನೀವು ತಿರುಗಿ ಬರುತ್ತೀರಿ ಎಂಬುದಕ್ಕೆ ಆಧಾರ. ಸಂಬಳದ ಚೀಟಿ ಇಲ್ಲದ ಹಳ್ಳಿಯ ಹುಡುಗರು ಇಲ್ಲಿ ಎದೆಗುಂದುತ್ತಾರೆ. ಅದರ ಅಗತ್ಯವಿಲ್ಲ. ಮನೆಯ ಜಮೀನಿನ ಪಹಣಿ, ಅಡಿಕೆ ಮಂಡಿಯ ಬಿಲ್ಲು, ಡೇರಿಗೆ ಹಾಲು ಹಾಕಿದ ಲೆಕ್ಕ, ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಇವೆಲ್ಲ ನಿಮ್ಮ ಬೇರು ಎಲ್ಲಿದೆ ಎಂದು ಹೇಳುವ ಕಾಗದಗಳೇ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಲಿ. ಹಿಂದಿನ ವಾರ ಯಾರಿಂದಲೋ ಸಾಲ ತಂದು ಖಾತೆಗೆ ಎರಡು ಲಕ್ಷ ಹಾಕುವುದು ಮಾತ್ರ ಬೇಡ. ಆ ನಮೂನೆಯ ಖಾತೆಗಳನ್ನು ಅವರು ದಿನಾ ನೋಡುತ್ತಾರೆ.

ಬೆರಳಚ್ಚಿನದೊಂದು ಕಥೆ ಇದೆ. ನಮ್ಮ ಅರ್ಜಿಯ ದಿನ ಬಂದದ್ದು ಅಡಿಕೆ ಸುಗ್ಗಿಯ ನಡುವೆ. ಒಂದು ರಾತ್ರಿಯಿಡೀ ಅಡಿಕೆ ಸುಲಿದು, ಮರುರಾತ್ರಿ ಬಸ್ಸಲ್ಲೇ ನಿದ್ದೆ ತೂಗಿ ಬೆಂಗಳೂರಿಗೆ ಬಂದ ಇಬ್ಬರ ಬೆರಳನ್ನು ಯಂತ್ರ ಓದಲೇ ಒಲ್ಲದು. ಚೊಗರು ಹಿಡಿದು, ಗೆರೆ ಸವೆದುಹೋಗಿತ್ತು. ಒರೆಸಿ, ತೊಳೆದು, ಏಳೆಂಟು ಸಲ ಒತ್ತಿದ ಮೇಲೆ ಬಂತು. ಅರ್ಜಿಗೆ ಹತ್ತು ದಿನ ಮೊದಲಿನಿಂದ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹತ್ತಿರ ಸುಳಿಯಬೇಡಿ, ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಒಮ್ಮೆ ಕೊಟ್ಟ ಬೆರಳಚ್ಚನ್ನು 59 ತಿಂಗಳ ಒಳಗಿನ ಮುಂದಿನ ಅರ್ಜಿಗೂ ಬಳಸಿಕೊಳ್ಳುತ್ತಾರೆ.

ಸಂದರ್ಶನದಲ್ಲಿ 'ಏನು ಮಾಡ್ತೀರಿ' ಎಂದು ಕೇಳಿದರೆ ನಿಜ ಹೇಳಲು ಹುಡುಗರಿಗೆ ಕಲಿಸಿ. ಕಂಠಪಾಠ ಮಾಡಿಸಬೇಡಿ. ಹದಿನಾರು ಬಾಯಿಂದ ಒಂದೇ ವಾಕ್ಯ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ.

ಡೊಳ್ಳು, ವೇಷ, ಗೆಜ್ಜೆ

ಡೊಳ್ಳಿನ ಉದ್ದ, ಅಗಲ, ಎತ್ತರ ಮೂರನ್ನೂ ಟೇಪು ಹಿಡಿದು ಅಳೆದು ಕೂಡಿಸಿ. ಹೆಚ್ಚಿನ ವಿಮಾನ ಸಂಸ್ಥೆಗಳಲ್ಲಿ ಈ ಮೊತ್ತ 158 ಸೆಂಟಿಮೀಟರ್ ದಾಟಿದರೆ ಅದು ಅಳತೆ ಮೀರಿದ ಸಾಮಾನು, ಪ್ರತ್ಯೇಕ ಶುಲ್ಕ. ಒಂದು ನಗ, ಅಂದರೆ ಒಂದು ಸಾಮಾನು, 32 ಕಿಲೋ ಮೀರುವಂತಿಲ್ಲ. ಆರೇಳು ವಾರ ಮೊದಲೇ ವಿಮಾನ ಸಂಸ್ಥೆಗೆ ಬರೆದು ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಟ್ರಾಲಿಯ ಮೇಲೆ ಡೊಳ್ಳು ಇಟ್ಟುಕೊಂಡು ಕೌಂಟರಿನಲ್ಲಿ ಚೌಕಾಸಿ ಮಾಡುವ ಸ್ಥಿತಿ ಯಾರಿಗೂ ಬೇಡ.

ಹೊರಡುವ ಮುನ್ನ ಹಗ್ಗ ಸ್ವಲ್ಪ ಸಡಿಲಿಸಿ. ಒಣಹವೆಗೆ ಚರ್ಮ ಬಿಗಿದು ಸೀಳುತ್ತದೆ, ಥಂಡಿಗೆ ಜೋತುಬೀಳುತ್ತದೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಡೊಳ್ಳನ್ನು ಕಂಬಳಿಯಲ್ಲಿ ಸುತ್ತಿ, ಮೇಲೆ ತಾಡಪಾಲು ಬಿಗಿಯಿರಿ. ಅದೇ ಕಂಬಳಿ ಅಲ್ಲಿ ವೇದಿಕೆಗೂ ಆಯಿತು, ರಾತ್ರಿಯ ಚಳಿಗೂ ಆಯಿತು. ಒಂದು ಹೆಚ್ಚಿನ ಹದ ಮಾಡಿದ ಚರ್ಮ, ಒಂದು ಸುರುಳಿ ಹಗ್ಗ ಜೊತೆಗಿರಲಿ. ಇಲ್ಲಿಯಂತೆ ಅಲ್ಲಿ ಬೆಂಕಿ ಹಾಕಿ ಡೊಳ್ಳು ಕಾಯಿಸಲಾಗದು. ಸಭಾಂಗಣದೊಳಗೆ ಒಂದು ಕರ್ಪೂರ ಹಚ್ಚಿದರೂ ಹೊಗೆಯ ಗಂಟೆ ಕೂಗಿ ಅಗ್ನಿಶಾಮಕದವರು ಬಂದುಬಿಡಬಹುದು. ನಾವು ತಲೆಗೂದಲು ಒಣಗಿಸುವ ಯಂತ್ರದಿಂದ ಕಾಯಿಸಿದೆವು. ಹಿರಿಯರು ಕಂಡಿದ್ದರೆ ನಗುತ್ತಿದ್ದರು, ಆದರೆ ನಾದ ಬಂತು.

ವೇಷದ ಪೆಟ್ಟಿಗೆಯನ್ನು ಒಮ್ಮೆ ಪೂರ್ತಿ ಸುರುವಿ ನೋಡಿ. ನವಿಲುಗರಿ ಇದ್ದರೆ ತೆಗೆದಿಡಿ, ಭಾರತದಿಂದ ಅದರ ರಫ್ತು ನಿಷಿದ್ಧ. ಅಜ್ಜನ ಕಾಲದ ಪದಕದಲ್ಲಿ ಹುಲಿಯುಗುರು, ಜಿಂಕೆಯ ಕೊಂಬು, ಚರ್ಮದ ತುಂಡು ಇದೆಯೇ ನೋಡಿ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ನಮ್ಮ ರಾಜ್ಯದಲ್ಲಿ ಎಷ್ಟು ಗದ್ದಲ ಎಬ್ಬಿಸಿತೆಂದು ನೆನಪಿರಬಹುದು. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಕೇಳುವುದೇ ಬೇಡ. ಗೆಜ್ಜೆ, ತಾಳ, ಕೋಲು ಕೈಚೀಲಕ್ಕೆ ಬೇಡ, ಎಲ್ಲವೂ ದೊಡ್ಡ ನಗದಲ್ಲಿ ಹೋಗಲಿ.

ವಾದ್ಯಗಳ ಪಟ್ಟಿಯನ್ನು ಫೋಟೊ ಸಹಿತ ಮುದ್ರಿಸಿ. ಹೊರಡುವಾಗ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಪಡೆದರೆ, ಬರುವಾಗ 'ಇದು ನಮ್ಮದೇ' ಎಂದು ಸಾಧಿಸುವ ತಾಪತ್ರಯ ಇಲ್ಲ.

ಹುರುಪನ್ನು ಕೆಲಸಕ್ಕೆ ಹಚ್ಚುವುದು

ಮೊದಲ ತಿಂಗಳ ಉತ್ಸಾಹ ಮೂರನೇ ತಿಂಗಳಿಗೆ ಬತ್ತುತ್ತದೆ, ವೀಸಾ ಬಂದ ದಿನ ಮತ್ತೆ ಉಕ್ಕುತ್ತದೆ. ನಡುವಿನ ಆ ಒಣಗಾಲದಲ್ಲಿ ತಾಲೀಮು ತಪ್ಪಿಸುವವರು ಹೆಚ್ಚು. ಉತ್ಸವದ ವೇದಿಕೆಯಲ್ಲಿ ನಿಮಗೆ ಸಿಗುವುದು ಹತ್ತೋ ಹದಿನೈದೋ ನಿಮಿಷ. ರಾತ್ರಿಯಿಡೀ ಬಡಿದು ಅಭ್ಯಾಸವಾದವರಿಗೆ ಇದೇ ದೊಡ್ಡ ಪರೀಕ್ಷೆ. ಹನ್ನೆರಡು ನಿಮಿಷದ, ಆರು ನಿಮಿಷದ, ಮೆರವಣಿಗೆಯ ಮೂರು ಪಾಠ ಕಟ್ಟಿಕೊಂಡು ಗಡಿಯಾರ ಇಟ್ಟು ಆಡಿ. ಬೂಟು ಹಾಕಿಕೊಂಡೂ ಒಮ್ಮೆ ಕುಣಿಯಿರಿ. ಕಲ್ಲುಹಾಸಿನ ರಸ್ತೆಯಲ್ಲಿ ಬರಿಗಾಲು ಎಲ್ಲ ಹೊತ್ತೂ ಆಗದು.

ನಮ್ಮಲ್ಲಿ ಒಬ್ಬನಿಗೆ ಒಂದೊಂದು ಖಾತೆ ಹಂಚಿದೆವು. ಭಾಷೆಯ ಮಂತ್ರಿ, ಔಷಧಿಯ ಮಂತ್ರಿ, ಚಾರ್ಜರ್ ಮಂತ್ರಿ. ಟೋಪಿ ಆರ್ಡರ್ ಮಾಡಿದ್ದವನಿಗೆ ಹವಾಮಾನ ಖಾತೆ! ತಮಾಷೆಗೆ ಶುರುವಾದದ್ದು ನಿಜಕ್ಕೂ ಕೆಲಸ ಮಾಡಿತು. ಕುರುಬರ ದೈವ ಬೀರೇಶ್ವರ ಯಾರು, ಡೊಳ್ಳಿಗೂ ಅವನಿಗೂ ಏನು ಸಂಬಂಧ ಎಂದು ನಾಲ್ಕು ವಾಕ್ಯದ ಇಂಗ್ಲಿಷಿನಲ್ಲಿ ಹೇಳಲು ಎಲ್ಲರಿಗೂ ಬರಬೇಕು. ಅಲ್ಲಿನ ಜನ ಕುಣಿತ ಮುಗಿದ ಮೇಲೆ ಬಂದು ಕೇಳುವುದು ಅದನ್ನೇ.

ಹುಡುಗಿಯರಿರುವ ತಂಡವಾದರೆ ಮನೆಯವರನ್ನೆಲ್ಲ ಒಂದು ಸಂಜೆ ಕೂರಿಸಿ ಮಾತಾಡಿ. ಎಲ್ಲಿ ಉಳಿಯುತ್ತಾರೆ, ಯಾರ ಜೊತೆ, ರಾತ್ರಿ ಫೋನ್ ಎಷ್ಟು ಗಂಟೆಗೆ ಎಂಬುದು ಮೊದಲೇ ತಿಳಿದರೆ ತಾಯಂದಿರು ಅರ್ಧ ನಿರಾಳ. ಜರ್ಮನಿಯ ಬೇಸಿಗೆಯಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಆರಾದಾಗ ಇಲ್ಲಿ ಒಂಬತ್ತೂವರೆ, ಊಟವಾದ ಹೊತ್ತು. ನಾವು ಅದೇ ಸಮಯ ಇಟ್ಟುಕೊಂಡೆವು.

ಅಲ್ಲಿನ ರೂಢಿಗಳಲ್ಲಿ ಡೊಳ್ಳಿನವರು ತಿಳಿಯಲೇಬೇಕಾದದ್ದು ಒಂದಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮತ್ತು ಭಾನುವಾರ ಇಡೀ ದಿನ ಸದ್ದು ಮಾಡಬಾರದು. ವಸತಿಯಲ್ಲಿ ತಾಲೀಮು ಮಾಡುವ ಮುನ್ನ ಕೇಳಿ. ಭಾನುವಾರ ಅಂಗಡಿಗಳೂ ಬಹುತೇಕ ಮುಚ್ಚಿರುತ್ತವೆ, ಬೇಕಾದದ್ದನ್ನು ಶನಿವಾರವೇ ತನ್ನಿ. ಸಾರ್ವಜನಿಕ ಶೌಚಾಲಯಗಳಿಗೆ ಚಿಲ್ಲರೆ ನಾಣ್ಯ ಬೇಕಾಗುತ್ತದೆ. ತುರ್ತಿಗೆ 112.

ಪೆಟ್ಟಿಗೆ

ಬಟ್ಟೆಯ ಬಗ್ಗೆ ಹೇಳುವುದೇನಿಲ್ಲ, ಒಂದು ಮಳೆಯಂಗಿ ಇರಲಿ. ಜಗಳ ಇರುವುದು ತಿಂಡಿಯಲ್ಲಿ. ಯೂರೋಪಿನ ಒಕ್ಕೂಟದೊಳಗೆ ಹೊರಗಿನ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಬೆಣ್ಣೆ, ಪನೀರು ಮನೆಯಲ್ಲೇ ಇರಲಿ. ಕರಿಬೇವು, ವೀಳ್ಯದೆಲೆ, ಹಸಿ ತರಕಾರಿ ಬೇಡ. ಚಕ್ಕುಲಿ, ಕೋಡುಬಳೆ, ಅವಲಕ್ಕಿ, ಹುರಿದ ರವೆ, ಸಾರಿನ ಪುಡಿ ಸಾಕು. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ. ನಮ್ಮವರಿಗೆ ನಂಬಲು ಕಷ್ಟವಾದದ್ದು ಒಣಕೊಬ್ಬರಿ: ಎಣ್ಣೆಯ ಅಂಶದಿಂದ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂದು ವಿಮಾನಗಳಲ್ಲಿ ತಡೆಯುತ್ತಾರೆ. ಕರ್ಪೂರವೂ ಇಲ್ಲ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ಉಲ್ಟಾ, ಕೈಚೀಲದಲ್ಲೇ ಇರಬೇಕು.

ಹೊರಡುವ ದಿನ

ಮಲೆನಾಡಿನಿಂದ ಹೊರಡುವವರು ಹಿಂದಿನ ದಿನವೇ ಬೆಂಗಳೂರು ಸೇರಿ. ಘಾಟಿಯಲ್ಲಿ ಮರ ಬಿದ್ದರೆ ವಿಮಾನ ಕಾಯುವುದಿಲ್ಲ. 2023ರ ಸೆಪ್ಟೆಂಬರಿನಿಂದ ಕೆಂಪೇಗೌಡ ನಿಲ್ದಾಣದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೋಗುತ್ತವೆ. ಡೊಳ್ಳು ಇರುವ ತಂಡ ನಾಲ್ಕು ಗಂಟೆ ಮೊದಲು ತಲುಪಲಿ. ಪಾಸ್‌ಪೋರ್ಟ್ ಎಲ್ಲರದ್ದೂ ನಾಯಕನ ಚೀಲದಲ್ಲಿರುವುದು ಜಾಣತನದಂತೆ ಕಾಣುತ್ತದೆ. ಆ ಚೀಲ ಕಳೆದರೆ? ಅವರವರದ್ದು ಅವರವರ ಸೊಂಟದಲ್ಲಿ, ನಕಲು ನಾಯಕನ ಬಳಿ. 2025ರ ಅಕ್ಟೋಬರಿನಿಂದ ಷೆಂಗೆನ್ ಗಡಿಗಳಲ್ಲಿ ಮುದ್ರೆಯ ಬದಲು ಬೆರಳಚ್ಚು ಮತ್ತು ಮುಖಚಿತ್ರ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಸಾಲು ಉದ್ದ ಇರಬಹುದು, ಅಲ್ಲಿಂದ ಮುಂದಿನ ರೈಲಿಗೋ ವಿಮಾನಕ್ಕೋ ಸಾಕಷ್ಟು ಬಿಡುವು ಇಟ್ಟುಕೊಳ್ಳಿ.

ಊರಿನ ಬೀಳ್ಕೊಡುಗೆಗೆ ಒಬ್ಬ ಗಟ್ಟಿ ಮನುಷ್ಯನ ಕೈಗೆ ಖಾಲಿ ಚೀಲ ಕೊಟ್ಟು ಬಸ್ಸಿನೊಳಗೆ ಕೂರಿಸಿ. ದೇವಸ್ಥಾನದ ಮುಂದೆ ಮಂಗಳಾರತಿಯಾಗಿ ಬಸ್ಸು ಹೊರಡುವ ಹೊತ್ತಿಗೆ ಅಜ್ಜಿಯರು, ಅತ್ತೆಯರು ಕಿಟಕಿಯಿಂದ ಕೈ ತೂರಿಸಿ ಕೊಬ್ಬರಿ ಗಿಟುಕು, ತುಪ್ಪದ ಬಾಟಲಿ, ಪ್ರಸಾದದ ಕರ್ಪೂರ ತುರುಕುತ್ತಾರೆ. ಬೇಡವೆನ್ನಬೇಡಿ, ಕೈಯೊಡ್ಡಿ ತಗೊಳ್ಳಿ. ಊರ ಹೊರಗಿನ ತಿರುವು ದಾಟಿ, ಹಿಂದೆ ಯಾರೂ ಕಾಣದಾದ ಮೇಲೆ ಆ ಚೀಲ ಪ್ರತಿ ಸೀಟಿಗೂ ಬರಲಿ. ಬೆಂಗಳೂರಿನವರೆಗೆ ಬಂದು ಹಿಂದಿರುಗುವ ಡ್ರೈವರಿಗೆ ಅದನ್ನು ಒಪ್ಪಿಸಿ. ಯಾವುದು ಯಾರ ಮನೆಯದ್ದೆಂದು ಮಾತ್ರ ಅವನಿಗೆ ಹೇಳಬೇಡಿ.